ಐನೂರು ಚಿಗರಿ

ಅವರ ಎಡಗೈ ತೋರುಬೆರಳಿನ ತುದಿ ಸಾಣಿಗೆಯ ಹಾಗಿತ್ತು. ಸೂಜಿ ಚುಚ್ಚಿ ಚುಚ್ಚಿ ಚರ್ಮ ದಪ್ಪಗಟ್ಟಿ, ಅದರ ತುಂಬ ಕಪ್ಪು ಚುಕ್ಕಿಗಳು. ದಾರ ಪೋಣಿಸುವಾಗ ಸುಣ್ಣ ಬಳಿದ ನಮ್ಮ ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದರು. ಬಿಳುಪಿನ ಮುಂದೆ ಹಿಡಿದರೆ ಸೂಜಿಯ ಕಣ್ಣು ಕಾಣುತ್ತದೆ ಎಂದು.

ಲಕ್ಷ್ಮೇಶ್ವರದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಕೈಯಲ್ಲೇ ಕುಪ್ಪಸ ಹೊಲಿಯುತ್ತಿದ್ದರು, ಕೂಸುಗಳ ತಲೆಗೆ ಹೊದಿಸುವ ಕುಂಚಿಗೆ ಹೊಲಿಯುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಆ ಓಣಿಗೆ ಬಂದಾಗ ಬಜಾರದಲ್ಲಿ ಮಷೀನು ಇಟ್ಟ ಸಿಂಪಿಗರ ಅಂಗಡಿ ಎರಡಾಗಿದ್ದವು. ಪ್ರಾಯದ ಹೆಣ್ಣುಮಕ್ಕಳು ಅಲ್ಲಿಗೇ ಹೋಗುತ್ತಿದ್ದರು. ಖಾಲಾ ಅವರ ಕಣ್ಣೂ ಮಂಜಾಗತೊಡಗಿತ್ತು.

"ಕೈಲೆ ಹೊಲಿಯಾಕ ಕಣ್ಣು ಬೇಕು ತಂಗಿ, ಮಷೀನಿಗೆ ಅಂದಾಜು ಸಾಕು" ಎನ್ನುತ್ತಿದ್ದರು. "ಒಂದು ಮಷೀನಿದ್ರ ಸಾಯೂತನಕ ನನ್ನ ಮನ್ಯಾಗ ನಾ ಇರ್ತೀನಿ. ಇಲ್ಲಾಂದ್ರ ಶಿರಹಟ್ಟಿಗೆ ಹೋಗಿ ತಮ್ಮನ ಹೇಣ್ತಿ ಕೈಯಾಗಿನ ತುತ್ತು ಕಾಯಬೇಕು."

ಒಂದು ಮುಂಜಾನೆ ಚಹಾಪುಡಿಯ ಪೊಟ್ಟಣ ಹಿಡಿದು ಬಂದರು. ಮುಂದೆ ಜಿಂಕೆಯ ಚಿತ್ರ. ನಮ್ಮ ಕಡೆಯವರಿಗೆ ಅದು ಚಿಗರಿ. ಹಿಂದೆ ಏನೋ ಬರೆದಿತ್ತು. ಅವರಿಗೆ ಓದಲು ಬರುತ್ತಿರಲಿಲ್ಲ. ನಾನು ಮ್ಯಾಟ್ರಿಕ್ ಪಾಸಾದವಳು. ದೊಡ್ಡಕ್ಷರದಲ್ಲಿದ್ದುದನ್ನು ಓದಿ ಹೇಳಿದೆ: ಜಿಂಕೆಯ ಚಿತ್ರ ಕತ್ತರಿಸಿ ಕೂಡಿಡಿ, ಐನೂರು ಚಿತ್ರ ತಂದವರಿಗೆ ಒಂದು ಹೊಲಿಗೆ ಯಂತ್ರ. ಒಲೆಯ ಮೇಲೆ ಹಾಲು ಇಟ್ಟಿದ್ದೆ. ಅಷ್ಟು ಓದಿ ಒಳಗೆ ಓಡಿದೆ.

ಅಂದಿನಿಂದ ಅವರು ಕೂಲಿ ಕೇಳುವುದನ್ನು ಬಿಟ್ಟು ಚಿಗರಿ ಕೇಳತೊಡಗಿದರು. ಕುಪ್ಪಸಕ್ಕೆ ಹತ್ತು, ಕುಂಚಿಗೆಗೆ ಆರು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನ ಮನೆಮಂದಿಯ ಅಂಗಿಗಳಿಗೆಲ್ಲ ಗುಂಡಿ ಹಚ್ಚಿಕೊಟ್ಟು ಅವನ ಪೊಟ್ಟಣಗಳ ಚಿತ್ರ ತಂದರು. "ಏನ್ ಖಾಲಾ, ಇವತ್ತಿನ ಬ್ಯಾಟಿ ಎಷ್ಟ?" ಎಂದು ಓಣಿಯವರು ಚಾಷ್ಟಿ ಮಾಡಿದರೆ, "ನಾಕು ಬಿದ್ದಾವ ನೋಡಪಾ, ಒಂದರ ಕೋಡು ಹರದೈತಿ" ಎನ್ನುವರು. ಕೂಲಿ ಹೋದದ್ದಕ್ಕೆ ಒಂದು ಹೊತ್ತಿನ ರೊಟ್ಟಿ ಬಿಟ್ಟರು. ಹೀಗೆ ಎರಡು ವರ್ಷ.

ಐನೂರು ತುಂಬಿದ ವಾರವೇ ನನ್ನನ್ನು ಕರೆದುಕೊಂಡು ಗದಗಿಗೆ, ಕಂಪನಿಯ ಏಜಂಟರ ಅಂಗಡಿಗೆ ಹೋದರು. ಏಜಂಟರು ಚಿತ್ರಗಳ ಗಂಟನ್ನು ಬಿಚ್ಚಿ ನೋಡಿ ನಕ್ಕರು.

"ಬರೇ ಚಿಗರಿ ತಂದೀರಿ, ಅಡವಿ ಎಲ್ಲಿ ಬಿಟ್ಟ ಬಂದ್ರಿ? ಪೂರಾ ಪೊಟ್ಟಣ ಬೇಕ್ರಿ. ಕತ್ತರಿಸಿದ್ದು ನಡ್ಯಾಂಗಿಲ್ಲ."

"ಕತ್ತರಸ್ರಿ ಅಂತ ನೀವ ಛಾಪಿಸಿದ್ರಿ" ಎಂದರು ಖಾಲಾ.

"ಸುಳ್ಳ ಹೇಳಬ್ಯಾಡ್ರಿ. ಎಲ್ಲೈತಿ? ತೋರಸ್ರಿ."

ಅಂಗಡಿಯಲ್ಲಿದ್ದ ಹೊಸ ಪೊಟ್ಟಣಗಳ ಮೇಲೆಲ್ಲ 'ಪೂರ್ತಿ ಪೊಟ್ಟಣ' ಎಂದೇ ಇತ್ತು. ಹಳೆಯದರ ಉಳಿದ ಕಾಗದವನ್ನು ಎಲ್ಲರೂ ಒಲೆಗೆ ಹಾಕಿಬಿಟ್ಟಿದ್ದೆವು. ಮಾತು ಅಚ್ಚಾಗಿದ್ದ ಭಾಗವೇ ಸುಟ್ಟುಹೋಗಿತ್ತು.

ಆಮೇಲೆ ಹದಿನೈದು ದಿನ ಅವರು ಹುಡುಕಿದ್ದು ಒಂದೇ ಒಂದು ಹಳೆಯ ಪೊಟ್ಟಣ. ಲಕ್ಷ್ಮೇಶ್ವರದ ಕಿರಾಣಿ ಅಂಗಡಿಗಳಾದವು, ಶಿರಹಟ್ಟಿಯಲ್ಲಿ ತಮ್ಮನ ಓಣಿಯಾಯಿತು. ಕೊನೆಗೆ ಇಬ್ಬರೂ ಮುಂಡರಗಿಯಲ್ಲಿದ್ದ ಅವರ ತಂಗಿಯ ಮನೆಗೆ ಹೋದೆವು. ಅಲ್ಲಿ ಅಡುಗೆಮನೆಯ ನೆಲುವಿನಲ್ಲಿ ಸಾಸಿವೆ ತುಂಬಿಟ್ಟ ಪೊಟ್ಟಣವೊಂದು ಸಿಕ್ಕಿತು. 'ಚಿತ್ರ ಕತ್ತರಿಸಿ' ಎಂಬ ಅಕ್ಷರ ಒಂದೂ ಅಳಿಸಿರಲಿಲ್ಲ. ಸಾಸಿವೆಯನ್ನು ಬಟ್ಟಲಿಗೆ ಸುರುವಿ, ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಎದ್ದರು.

ಗದಗಿನ ಬಸ್ಸಿನಲ್ಲಿ ಅವರು ಕಂಡಕ್ಟರನಿಗೆ, "ಜಲ್ದಿ ಬಿಡ್ರೆಪಾ, ಮಷೀನು ಹೊತ್ಕೊಂಡು ತಿರುಗಿ ಬರೂದೈತಿ" ಎನ್ನುತ್ತಿದ್ದರು. ಪೊಟ್ಟಣ ನನ್ನ ಕೈಯಲ್ಲಿತ್ತು. ಅದರ ತಳದ ಮಡಿಕೆಯಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರದ ಒಂದು ಸಾಲು: ಮುನ್ಸೂಚನೆಯಿಲ್ಲದೆ ಈ ನಿಯಮಗಳನ್ನು ಬದಲಿಸುವ ಹಕ್ಕು ಕಂಪನಿಗೆ ಇದೆ. ಎರಡು ವರ್ಷದ ಹಿಂದೆ ಹಾಲು ಉಕ್ಕೀತೆಂದು ನಾನು ಓದದೆ ಬಿಟ್ಟ ಸಾಲು. ಹೇಳಬೇಕೆಂದು ಅವರ ಕಡೆ ತಿರುಗಿದೆ. ಅವರು ಅಷ್ಟು ಹಿಗ್ಗಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಏಜಂಟರೂ ಅದನ್ನು ಓದದೆ ಇರಬಹುದು ಎಂದುಕೊಂಡು ಸುಮ್ಮನೆ ಕುಳಿತೆ.

ಅಂಗಡಿಯಲ್ಲಿ ಗಿರಾಕಿಗಳು ನೆರೆದಿದ್ದರು. ಖಾಲಾ ಪೊಟ್ಟಣವನ್ನು ಗಲ್ಲಾಪೆಟ್ಟಿಗೆಯ ಮೇಲೆ ಬಡಿದು, "ಓದ್ರಿ ಈಗ! ಸುಳ್ಳಿ ಅಂದ್ರೆಲ್ಲ ನನಗ, ಓದ್ರಿ ಎಲ್ಲಾರಿಗೂ ಕೇಳೂಹಂಗ!" ಎಂದು ಕೂಗಿದರು. ಏಜಂಟರು ಮೇಲಿನದನ್ನು ಓದಿಕೊಂಡರು. ಪೊಟ್ಟಣ ತಿರುವಿ ತಳ ನೋಡಿದರು. ಆಮೇಲೆ ಅದನ್ನು ನನ್ನ ಕಡೆ ಸರಿಸಿ, "ನೀವು ಕಲ್ತವರು ಅದೀರಿ. ಈ ಕೆಳಗಿಂದು ಓದಿ ಹೇಳ್ರಿ ಅವ್ರಿಗೆ" ಎಂದರು. ಓದಿದೆ.

"ಅಂದ್ರ?" ಎಂದರು ಖಾಲಾ.

"ಅಂದ್ರ ಕಂಪನಿ ಮನಸ್ಸು ಬಂದ್ಹಂಗ" ಎಂದರು ಏಜಂಟರು.

"ಮಾತು ಕೊಡೂದೂ ಅವ್ರ, ತಿರುಗಸೂದೂ ಅವ್ರ. ಹಂಗಾರ ನಡುವ ನಾ ಯಾಕ ಬೇಕಾಗಿದ್ದೆ?"

ಯಾರೋ ಕಿಸಕ್ಕನೆ ನಕ್ಕರು. ಏಜಂಟರು ಸಮಾಧಾನಕ್ಕೆಂದು ಒಂದು ಸ್ಟೀಲಿನ ಚಮಚ ತೆಗೆದು ಮುಂದಿಟ್ಟರು. ಖಾಲಾ ಅದನ್ನು ಮುಟ್ಟಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದರು: "ಬಸ್ಸಿನ್ಯಾಗ ಇದನ್ನ ಓದಿದ್ದೇನು?"

"ಹೂಂ."

"ಮದಲ ಹೇಳಿದ್ರ ಅಷ್ಟ ಮಂದ್ಯಾಗ ನಾ ಒದರ್ತಿದ್ದಿಲ್ಲ, ತಂಗಿ."

ಮತ್ತೆ ಆ ಮಾತೆತ್ತಲಿಲ್ಲ. ಕಂಪನಿಗೆ ನನ್ನಿಂದ ಮೂರು ಕಾಗದ ಬರೆಸಿದರು. ಒಂದಕ್ಕೂ ಉತ್ತರ ಬರಲಿಲ್ಲ. ಆದರೆ ಮುಂಗಡವಾಗಿ ಚಿಗರಿ ಕೊಟ್ಟಿದ್ದ ಹನ್ನೊಂದು ಮನೆಗಳ ಹೊಲಿಗೆ ಇನ್ನೂ ಬಾಕಿಯಿತ್ತು. ಬೇಡವೆಂದು ಎಲ್ಲರೂ ಹೇಳಿದರು. "ಅವ್ರು ಮಾತು ತಿರುಗಿಸಿದ್ರು ಅಂತ ನಾನೂ ತಿರುಗಿಸ್ಲೇನು?" ಎಂದು ನಮ್ಮ ಗೋಡೆಯ ಮುಂದೆ ಕುಳಿತು ಎಲ್ಲವನ್ನೂ ಹೊಲಿದುಕೊಟ್ಟರು. ಕೊನೆಯ ಕುಂಚಿಗೆಯ ಹೊಲಿಗೆ ಸೊಟ್ಟಗಾಗಿತ್ತು. ಆಮೇಲೆ ಸೂಜಿ ಹಿಡಿಯಲಾಗಲಿಲ್ಲ. ತಮ್ಮ ಬಂದು ಶಿರಹಟ್ಟಿಗೆ ಕರೆದೊಯ್ದ.

ಕೆಲವು ವರ್ಷಗಳ ಮೇಲೆ ಗದಗಿನಲ್ಲಿ ಕಣ್ಣಿನ ಶಿಬಿರ ನಡೆದಾಗ ಖಾಲಾ ಕರೆಯುತ್ತಿದ್ದಾರೆಂದು ನನಗೆ ಖಬರ ಬಂತು. ಹೋದೆ. ಬೆಂಚಿನ ಮೇಲೆ ಕುಳಿತಿದ್ದರು. ಆಪರೇಶನ್ನಿಗೆ ಮೊದಲು ಹೆಬ್ಬೆಟ್ಟು ಒತ್ತಬೇಕಾದ ಕಾಗದ ತಮ್ಮನ ಕೈಯಲ್ಲಿತ್ತು. "ನಾ ಓದ್ತೀನಂದ್ರ ಒಲ್ಲೆ ಅಂತಾಳ್ರೀ" ಎಂದು ಅವನು ನನಗೆ ಕೊಟ್ಟ.

"ಕೆಳಗಿಂದ ಓದು ತಂಗಿ" ಎಂದರು ಖಾಲಾ.

ಕೆಳಗಿನಿಂದ ಓದಿದೆ. ದೃಷ್ಟಿ ಮರಳುವ ಖಾತ್ರಿಯಿಲ್ಲ ಎಂದಿತ್ತು. ಅದನ್ನೂ ಓದಿದೆ.

"ಪೂರಾ ಆತೇನು?"

"ಪೂರಾ ಆತ್ರಿ."

ಹೆಬ್ಬೆರಳು ಮುಂದೆ ಚಾಚಿದರು.

ಕಣ್ಣು ಬರಲಿಲ್ಲ. ಮರುವರ್ಷ ತಮ್ಮನ ಮನೆಯಲ್ಲೇ ತೀರಿಕೊಂಡರು. ನನಗೆ ತಿಳಿಯುವಷ್ಟರಲ್ಲಿ ಮಣ್ಣಾಗಿತ್ತು. ತಪ್ಪಾಯಿತು ಎಂದು ಅವರ ಮುಂದೆ ಒಮ್ಮೆಯೂ ಹೇಳಲಿಲ್ಲ ನಾನು. ಓದು ಬಲ್ಲ ತಮ್ಮ ಪಕ್ಕದಲ್ಲೇ ಇದ್ದಾಗಲೂ ಆ ಕಾಗದಕ್ಕೆ ನನ್ನನ್ನೇ ಕರೆಸಿದ್ದರು.