ಗನಿ ಸಾಹೇಬರು ಕೂಡಿಸಿದ ಐನೂರಾ ತೊಂಬತ್ತು

ಜೇವರ್ಗಿಯಲ್ಲಿ ಅಬ್ದುಲ್ ಗನಿಯವರ ಬರಹವೆಂದರೆ ಕಲ್ಲಿನ ಮೇಲೆ ಗೀರಿದ ಹಾಗೆ, ತಿದ್ದುವವರಿರಲಿಲ್ಲ. ಮೂವತ್ತು ವರ್ಷ ಸರಕಾರಿ ದಫ್ತರಿನಲ್ಲಿ ಗುಮಾಸ್ತರಾಗಿದ್ದವರು. ೧೯೮೮ರಲ್ಲಿ ನಿವೃತ್ತರಾದ ಮೇಲೂ ಊರಿನ ವಜೀಫಾದಾರರು, ಅಂದರೆ ಪಿಂಚಣಿ ಪಡೆಯುವವರು, ಕಾಗದ ಹಿಡಿದು ಅವರ ಕಟ್ಟೆಗೇ ಬರುತ್ತಿದ್ದರು. ಬರೆದುಕೊಟ್ಟದ್ದಕ್ಕೆ ಒಂದು ಕಪ್ಪು ಚಹಾ ಕೂಡ ಮುಟ್ಟದ ಮನುಷ್ಯ. ಜಂಭ ಮಾತ್ರ ಬೇಕಾದಷ್ಟಿತ್ತು. ಬೇರೆಯವರು ತುಂಬಿದ ಫಾರ್ಮು ಕಂಡರೆ ಮೂಗು ಮುರಿಯುತ್ತಿದ್ದರು.

೧೯೯೬ರ ಜೂನ್‌ನಲ್ಲಿ ಅವರು ತಮ್ಮ ತೆರಿಗೆಯ ಲೆಕ್ಕ ಕೊಡಲು ಗುಲ್ಬರ್ಗಾಕ್ಕೆ ಹೋದರು. ಪಿಂಚಣಿಯ ಜೊತೆ ಬಸ್‌ಸ್ಟ್ಯಾಂಡಿನ ಮುಂದಿನ ಎರಡು ಅಂಗಡಿಗಳ ಬಾಡಿಗೆಯೂ ಬರುತ್ತಿತ್ತು. ಮುಚ್ಚಿಟ್ಟರೆ ಯಾರಪ್ಪ ಕೇಳುತ್ತಿದ್ದ? ಆದರೆ ಮುಚ್ಚಿಡುವುದು ಅವರಿಗೆ ಬರುತ್ತಿರಲಿಲ್ಲ. ತೆರಿಗೆ ವಕೀಲ ದೌಲತರಾಯರು ಹೊಸದಾಗಿ ಕಂಪ್ಯೂಟರ್ ತಂದು, ಅದರ ಮೇಲೆ ಹೊದಿಸಿದ್ದ ಬಟ್ಟೆಯನ್ನು ಇನ್ನೂ ಭಕ್ತಿಯಿಂದ ಮಡಿಸಿಡುತ್ತಿದ್ದ ದಿನಗಳವು. ಅವರು ಪಿಂಚಣಿಯನ್ನು ಇತರೆ ಆದಾಯದಲ್ಲಿ ಒತ್ತಲು ಹೋದಾಗ ಗನಿಯವರು ಸುಮ್ಮನಿರಲಿಲ್ಲ.

“ಅಲ್ರಿ ವಕೀಲ್ ಸಾಹೇಬ್ರ, ವಜೀಫಾ ಅಂದ್ರ ಪಗಾರ ಇದ್ದಂಗ. ಸಂಬಳದ ಖಾನೆದಾಗ ಹಾಕ್ರಿ.”

“ಖರೇ ಅದರಿ. ಇನ್ನ ನೀವೇ ಕುಂದುರ್ರಿ ಇಲ್ಲಿ,” ಎಂದು ವಕೀಲರು ನಕ್ಕು ತಿದ್ದಿದರು. “ಅರವತ್ತೈದು ಆದವ್ರಿಗಿ ತೆರಿಗಿಯೊಳಗ ರಿಯಾಯಿತಿ ಅದ. ಹುಟ್ಟಿದ ದಾಖಲೆ ಕೊಡ್ರಿ.”

ಗನಿಯವರು ತಮ್ಮ ಹಳೆಯ ಉರ್ದು ಶಾಲೆಯ ಕಾಗದ ಬಿಚ್ಚಿಟ್ಟರು. ಅದರಲ್ಲಿದ್ದದ್ದು ನಿಜಾಮರ ಕಾಲದ ಪಂಚಾಂಗ: ತೀರ್ ತಿಂಗಳು, ೧೩೪೦ ಫಸಲಿ.

“ಐನೂರಾ ತೊಂಬತ್ತು ಕೂಡಸ್ರಿ. ಹತ್ತೊಂಬತ್ತನೂರಾ ಮೂವತ್ತು ಆತು.”

ವಕೀಲರು ತಲೆ ಅಲ್ಲಾಡಿಸಿದರು. “ತೀರ್ ಅಂದ್ರ ಮೇ ತಿಂಗಳಲ್ರಿ. ಫಸಲಿ ವರ್ಷ ಸುರು ಆಗ್ತಿದ್ದದ್ದು ಅಕ್ಟೋಬರ್‌ದಾಗ. ಡಿಸೆಂಬರ್ ತನಕ ಹುಟ್ಟಿದವ್ರಿಗಿ ತೊಂಬತ್ತು, ಜನವರಿ ದಾಟಿದ್ರ ತೊಂಬತ್ತೊಂದು ಕೂಡಸ್ಬೇಕು. ನೀವು ಹುಟ್ಟಿದ್ದು ಮೂವತ್ತೊಂದರಾಗ. ಈ ಲೆಕ್ಕ ಮಾರ್ಚ್ ತನಕದ್ದು, ಅವಾಗ ನಿಮಗ ಅರವತ್ತೈದು ತುಂಬಿರಲಿಲ್ಲ. ಈ ಸಲ ರಿಯಾಯಿತಿ ಸಿಗಂಗಿಲ್ಲ.”

“ಅಂದ್ರ ನನ್ನ ನೌಕರಿ ಒಂದ್ ವರ್ಷ ನಾನೇ ತಿಂದಂಗಾತು,” ಎಂದು ಗನಿಯವರು ನಗತೊಡಗಿದರು. ನಗುತ್ತಿದ್ದಂತೆಯೇ ಅವರಿಗೆ ದಫ್ತರಿನ ಕಪಾಟು ನೆನಪಾಯಿತು.

೧೯೭೨ರಲ್ಲಿ ದಫ್ತರಿನ ಹಳೆಯ ಸರ್ವಿಸ್ ಬುಕ್ಕುಗಳ ಫಸಲಿ ತಾರೀಖನ್ನೆಲ್ಲ ಇಂಗ್ಲಿಷ್ ತಾರೀಖಿಗೆ ಇಳಿಸಿದವರು ಇವರೇ. ಮೇಲಧಿಕಾರಿ ಹದಿನೈದು ದಿನದ ಗಡುವು ಕೊಟ್ಟಿದ್ದರು. ಇವರು ಯಾರನ್ನೂ ಕೇಳಲಿಲ್ಲ, ಕೇಳಿದರೆ ಗನಿಯ ಮರ್ಯಾದೆ ಏನಾಗಬೇಕು! ಎಲ್ಲರಿಗೂ ಐನೂರಾ ತೊಂಬತ್ತು ಕೂಡಿಸಿ ಸಹಿ ಪಡೆದು ಕಪಾಟಿನಲ್ಲಿಟ್ಟರು. ಅದರಲ್ಲಿ ಒಂದು ಬುಕ್ಕು ಜವಾನ ಅಂಬಾರಾಯನದು.

ಅಂಬಾರಾಯ ವರ್ಷಾನುಗಟ್ಟಲೆ ದಿನಗೂಲಿ ಮಾಡಿ ತಡವಾಗಿ ಖಾಯಂ ಆದವನು. ೧೯೭೯ರಲ್ಲಿ ವಯಸ್ಸಾಯಿತೆಂದು ಮನೆಗೆ ಕಳಿಸಿದಾಗ ಅವನ ಖಾಯಂ ನೌಕರಿ ಒಂಬತ್ತು ವರ್ಷ ನಾಲ್ಕು ತಿಂಗಳು. ಪಿಂಚಣಿಗೆ ಹತ್ತು ವರ್ಷ ಬೇಕಿತ್ತು. ಆಮೇಲೆ ತೊಗರಿ ಗೋದಾಮು ಕಾಯುತ್ತ ಹತ್ತು ವರ್ಷ ಸವೆದು ಸತ್ತ. ಹೆಂಡತಿ ಗುರಮ್ಮ ಈಗಲೂ ಸಾಹುಕಾರರ ಅಂಗಳದಲ್ಲಿ ತೊಗರಿ ಹಸನು ಮಾಡಿ ಹೊಟ್ಟೆ ಹೊರೆಯುತ್ತಿದ್ದಳು. ಅಂಬಾರಾಯನ ತಿಂಗಳು ಖುರ್ದಾದ್ ಎಂಬುದು ಗನಿಯವರಿಗೆ ಚೆನ್ನಾಗಿ ನೆನಪಿತ್ತು. ಖುರ್ದಾದ್ ಅಂದರೆ ಏಪ್ರಿಲ್. ಇನ್ನೊಂದು ವರ್ಷದ ನೌಕರಿ ಅವನಿಗಿತ್ತು. ಗಂಡನಿಗೆ ಪಿಂಚಣಿ, ಅವನ ನಂತರ ಹೆಂಡತಿಗೂ ಪಿಂಚಣಿ ಬರುತ್ತಿತ್ತು.

ತಪ್ಪು ನನ್ನದೇ ಎಂದು ಗನಿಯವರು ತಮ್ಮ ಕೈಯಾರೆ ಬರೆದು ಮೇಲಿನ ಕಚೇರಿಗೆ ಕೊಟ್ಟರು. ಮೂರು ತಿಂಗಳಲ್ಲಿ ನಾಲ್ಕು ಸಲ ಅಲೆದರು. ಕೊನೆಗೆ ಅಲ್ಲಿನ ಅಧಿಕಾರಿ ಸಮಾಧಾನದಿಂದಲೇ ಹೇಳಿದ: “ನಿಮ್ಮ ಮಾತು ಖರೇ ಇರಬಹುದ್ರಿ. ಆದ್ರ ನೌಕರಿ ಮುಗದ ಮ್ಯಾಲ ಹುಟ್ಟಿದ ತಾರೀಖ ತಿದ್ದಾಕ ಬರಂಗಿಲ್ಲ. ಅದೂ ತೀರಿಕೊಂಡವರದು.”

ಮಾರನೆಯ ದಿನ ಅವರು ಗುರಮ್ಮನ ಮನೆಗೆ ಹೋದರು. ಅಷ್ಟು ನಾಚಿಕೆ ಅವರಿಗೆ ಜನ್ಮದಲ್ಲಿ ಆಗಿರಲಿಲ್ಲ. ಏನನ್ನೂ ಬಿಡದೆ ಹೇಳಿ, ಆ ತಿಂಗಳ ಪಿಂಚಣಿಯನ್ನು ಹಾಗೆಯೇ ಅವಳ ಮುಂದೆ ಇಟ್ಟರು.

ಗುರಮ್ಮ ತೊಗರಿ ಕೇರುತ್ತಿದ್ದ ಮೊರ ಕೆಳಗಿಟ್ಟಳು. ಹಣದ ಕಡೆ ನೋಡಲಿಲ್ಲ.

“ಅಂದ್ರ ಅವ್ರು ಒಂದ್ ವರ್ಷ ತಡಾನೇ ಹುಟ್ಟಿದ್ರೇನ್ರಿ, ಸಾಬ್ರ?”

“ಹೌದು ತಂಗಿ.”

ಗುರಮ್ಮ ಮೊರದಿಂದ ಒಂದು ಹರಳು ಆರಿಸಿ ಆಚೆ ಎಸೆದಳು.

“ಕುಡದು ಬಂದಾಗೊಮ್ಮಿ ತಮ್ಮವ್ವಗ ಬೈತಿದ್ರು. ಒಂದ್ ವರ್ಷ ತಡದು ಹಡದಿದ್ರ ನನಗ ಈ ಗತಿ ಬರ್ತಿರಲಿಲ್ಲ ಅಂತ. ಮುದುಕಿ, ಹೌದಪ್ಪ, ನಂದೇ ತಪ್ಪು ಅನಕೋತನೇ ಸತ್ಲು.”