ಬಿಸಿಲಿಗೆ ಗಟ್ಟಿ ಎಣ್ಣೆ

ಅಥವಾ ಇಂಜಿನ್ನಿಗೆ ಆ ಎಣ್ಣೆ ಸುರಿದವನು ನಾನೇ ಇರಬಹುದು. ಡಬ್ಬಿ ಮೆಕ್ಯಾನಿಕ್ ಕೈಯಲ್ಲಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹಾಗೆ ಹೇಳುವುದು ನನಗೆ ಅನುಕೂಲ, ಅಷ್ಟೆ.

ಹೊಸೂರು ರಸ್ತೆಯಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದ ಬೇಸಿಗೆ. ನನ್ನ ಡೀಸೆಲ್ ವ್ಯಾನು ಮಧ್ಯಾಹ್ನದ ಶಿಫ್ಟಿನ ಹೆಂಗಸರನ್ನು ಬೊಮ್ಮನಹಳ್ಳಿಯಿಂದ ಬೊಮ್ಮಸಂದ್ರಕ್ಕೆ ಒಯ್ಯುತ್ತಿತ್ತು. ಟ್ರಾಫಿಕ್ ಜಾಮಿನಲ್ಲಿ ನಿಂತು ಕುದಿಯುವುದು, ದಾರಿ ಬಿಟ್ಟೊಡನೆ ಫ್ಯಾಕ್ಟರಿ ಗೇಟು ಮುಚ್ಚುವುದರೊಳಗೆ ಮುಟ್ಟಲು ಅರಚುತ್ತ ಓಡುವುದು. ಆ ಇಂಜಿನ್ ಹೋದರೆ ನನಗೆ ಬೇರೆ ಕೆಲಸವಿರಲಿಲ್ಲ. ಒಂದು ದಿನ ಸಿಗ್ನಲ್ಲಿನಲ್ಲಿ ಆಯಿಲ್ ಪ್ರೆಶರಿನ ಕೆಂಪು ದೀಪ ಮಿನುಗಿತು.

ಬಿಸಿಲಲ್ಲಿ ಹೀಗೆ ದುಡಿಸುವ ಗಾಡಿಗೆ ‘20-50’ ಹಾಕಿ ಎಂದು ವ್ಯಾನಿನ ಪುಸ್ತಕದಲ್ಲಿತ್ತು. ಎರಡನೆಯ ಅಂಕಿ ದೊಡ್ಡದಿದ್ದಷ್ಟೂ ಎಣ್ಣೆ ಕಾದಾಗ ತೆಳುವಾಗುವುದು ಕಡಿಮೆ. ಅದನ್ನೇ ಕೊಂಡು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಎರಡು ಹನಿ ಬೆರಳಲ್ಲಿ ಉಜ್ಜಿ ಪ್ಯಾಂಟಿಗೆ ಒರೆಸಿಕೊಂಡ.

“ನೀರಿದ್ದಂಗಿದೆ ಗುರು. ತೊಂಬತ್ತು ನಂಬರಿಂದು ಹಾಕು, ಗಟ್ಟಿ ಇರತ್ತೆ. ಇಲ್ಲಿ ಎಲ್ಲಾ ವ್ಯಾನಿಗೂ ಬೇಸಿಗೇಲಿ ಅದೇ.”

“ತೊಂಬತ್ತು ಗೇರ್‌ಬಾಕ್ಸಿಗೆ ಹಾಕೋದಲ್ವಾ ಅಣ್ಣ?”

“ಇಂಜಿನ್ನಿಗೇನ್ ಓದಕ್ಕೆ ಬರತ್ತಾ, ಡಬ್ಬಿ ನೋಡ್ಕೊಳಕ್ಕೆ?”

ಸುತ್ತ ನಿಂತ ಚಾಲಕರು ನಕ್ಕರು. ತಣ್ಣಗಿನ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ಕಾದ ಇಂಜಿನ್ನಿನ ತೀರ್ಪು ಕೊಡುವವರು. ನಾನೂ ನಕ್ಕೆ. ಅರ್ಧ ನಾನು ತಂದದ್ದು, ಅರ್ಧ ತೊಂಬತ್ತು ಒಳಗೆ ಹೋಯಿತು. ದೀಪ ಆರಿತು. ಖುಷಿಯಾಗಿ ಅವನಿಗೆ ಟೀ ಕುಡಿಸಿದೆ.

ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಮೇಲುಗಡೆ ಕಟಕಟ ಸದ್ದು. ರಾತ್ರಿಯೆಲ್ಲ ತಣ್ಣಗಾಗಿ ಅಂಟಾದ ಎಣ್ಣೆ ಇಂಜಿನ್ನಿನ ಮೇಲುಭಾಗಕ್ಕೆ ಬೇಗ ಏರುತ್ತಿರಲಿಲ್ಲ. ರೇಡಿಯೋ ಜೋರು ಮಾಡಿದೆ. ಕಾದ ಮೇಲೆ ಗೇರ್ ಎಣ್ಣೆಯಲ್ಲಿನ ಗಂಧಕದಿಂದ ಕೊಳೆತ ಮೊಟ್ಟೆಯ ನಾತ. “ಥೂ, ಏನಣ್ಣಾ ಇದು, ಏನಾದ್ರೂ ಸತ್ತಿದೆಯಾ ಒಳಗೆ?” ಎಂದು ಮುಂದಿನ ಸೀಟಿನಾಕೆ ವೇಲಿನಿಂದ ಮೂಗು ಮುಚ್ಚಿಕೊಂಡಳು. “ಚರಂಡಿ ವಾಸ್ನೆ ಕಣಮ್ಮ” ಎಂದೆ. ಎರಡು ವಾರವೋ ಮೂರೋ ಕಳೆದು, ಇಂಜಿನ್ ನಡುರಸ್ತೆಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತೇಬಿಟ್ಟಿತು. ಹೆಂಗಸರು ಬೈಯುತ್ತ ಬಿಸಿಲಲ್ಲಿ ನಡೆದುಹೋದರು.

ಬಿಚ್ಚಿದಾಗ ತಳದಲ್ಲಿ ಕರಿ ಲೋಳೆ, ಅದರಲ್ಲಿ ಲೋಹದ ಚೂರುಗಳ ಹೊಳಪು. ಮೆಕ್ಯಾನಿಕ್ ಸೀಮೆಎಣ್ಣೆಯಲ್ಲಿ ಕೈ ತೊಳೆದು ಅದೇ ಕೈಯಲ್ಲಿ ಬನ್ನು ಮುರಿದು ತಿಂದ.

“ಬೇರಿಂಗ್ ಮುಂಚೇನೇ ಹೋಗಿತ್ತು ಗುರು. ತೊಂಬತ್ತು ಹಾಕಿದ್ದಕ್ಕೇ ಇಷ್ಟು ದಿನ ಓಡ್ತು.”

ಅಸಹ್ಯವೆಂದರೆ, ಅದು ಸುಳ್ಳೆಂದು ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಸವೆದ ಬೇರಿಂಗಿಗೂ ಅಂಥ ದೀಪ ಮಿನುಗುತ್ತದೆ. ಪುಸ್ತಕದ ಎಣ್ಣೆಯನ್ನೇ ಹಾಕಿದ್ದರೆ ಇಂಜಿನ್ ಉಳಿಯುತ್ತಿತ್ತೇ? ನನಗೆ ಗೊತ್ತಿಲ್ಲ.