ಖೋಖೋ ಮುದ್ದೆ

ರಾಗಿ ಮುಗ್ಗಿದ ವಾಸನೆ ಒಂದು ಸಲ ಮೂಗಿಗೆ ಹತ್ತಿತೆಂದರೆ ಜನ್ಮದಲ್ಲಿ ಮರೆಯುವುದಿಲ್ಲ. ಹೋದ ವಾರ ಶಾಲೆಯ ಅಡುಗೆಯ ಲಕ್ಷ್ಮಮ್ಮ, ಬೆಳಿಗ್ಗೆ ಮಕ್ಕಳ ಹಾಲಿಗೆ ಕಲಸುವ ರಾಗಿ ಹಿಟ್ಟಿನ ಚೀಲ ಬಿಚ್ಚಿದವಳು, "ಮಿಸ್, ವಸಿ ಇಲ್ ಬನ್ನಿ, ಮೂಸಿ ನೋಡಿ" ಎಂದು ಕರೆದಳು. ಚೀಲವನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಗೋಡೆ ಒಸರಿ ಒಂದು ಮೂಲೆ ತೇವ ಹಿಡಿದಿತ್ತು. ಬಗ್ಗಿ ಮೂಸಿದೆ. ಹಳೇ ಗೋಣಿ, ಒದ್ದೆ ಹುಲ್ಲು, ಹುಳಿ ಬಂದ ಹಿಟ್ಟು ಎಲ್ಲ ಕಲೆತಂಥ ಆ ವಾಸನೆ. "ಇದನ್ನ ಮಕ್ಳಿಗೆ ಕೊಡ್ಬೇಡ, ಬೇರೆ ಚೀಲ ತೆಗಿ" ಎಂದು ಹೇಳಿ ಹೊರಗೆ ಬಂದೆ. ಬಂದವಳಿಗೆ ತರಗತಿಗೆ ಹೋಗಲು ಮನಸ್ಸಾಗಲಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಶುರುವಾಗಿ ಒಂದಿಡೀ ವರ್ಷ ನಾನು ಉಂಡ ಮುದ್ದೆಯ ವಾಸನೆ ಅದು.

ನಾನು ಓದಿದ ಶಾಲೆಯಲ್ಲೇ ಈಗ ಪಾಠ ಹೇಳುತ್ತಿದ್ದೇನೆ. ದೊಡ್ಡಬಳ್ಳಾಪುರದಿಂದ ಮಾಕಳಿದುರ್ಗದ ಕಡೆ ಹೋಗುವಾಗ ರಸ್ತೆಯಿಂದ ಒಳಗೆ ಸರಿದಿರುವ ಊರು. ವರ್ಗಾವಣೆಯಲ್ಲಿ ಇದು ಸಿಕ್ಕಿದಾಗ ಎಲ್ಲರೂ ಪುಣ್ಯವಂತೆ ಅಂದರು. ಇರಬಹುದು. ಮಕ್ಕಳು ಕಡಿಮೆ ಎಂದು ನಮಗೆ ಪಿ.ಟಿ. ಮೇಷ್ಟ್ರು ಇಲ್ಲ, ಆ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಮಕ್ಕಳಲ್ಲಿ ದೈಹಿಕ ಚಟುವಟಿಕೆ ಹೆಚ್ಚಿಸುವುದು ಹೇಗೆ ಎಂಬ ತರಬೇತಿಗೆ ಹೋಗಿ ದಿನವಿಡೀ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಸೊಂಟ ಹಿಡಿಸಿಕೊಂಡು ಬಂದಿದ್ದೇನೆ. ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ಡು ಇದೆ. ಆದರೆ ಆನ್‌ಲೈನಿಗೆ ಏರಿಸಬೇಕಾದ ಮಾಹಿತಿ ಎಂದು ದಿನಾ ಏನಾದರೊಂದು ಇರುತ್ತದೆ, ಅದನ್ನು ಏರಿಸಲು ಸಿಗುವುದು ಆ ಪಿರಿಯಡ್ಡೇ. ಮಕ್ಕಳು ಕೈಕಟ್ಟಿ ಕೂತು ನನ್ನ ಮುಖ ನೋಡುತ್ತವೆ. ಅಂಗಳದ ಅರ್ಧಕ್ಕೆ ಹೊಸ ಕೋಣೆ ಬಂದಿದೆ, ಉಳಿದರ್ಧದಲ್ಲಿ ಆ ಕೋಣೆಗೆ ತಂದು ಮಿಕ್ಕ ಜಲ್ಲಿ ಬಿದ್ದಿದೆ. ಭಾನುವಾರ ಬಂತೆಂದರೆ ಬೆಂಗಳೂರಿನಿಂದ ಕಾರುಗಳು ಮಾಕಳಿದುರ್ಗದ ಬೆಟ್ಟಕ್ಕೆ ಸಾಲುಗಟ್ಟುತ್ತವೆ, ಕಾಲಿಗೆ ಬೂಟು ಕಟ್ಟಿಕೊಂಡ ದೊಡ್ಡವರು ಏದುಸಿರು ಬಿಡಲೆಂದೇ ದೂರದಿಂದ ಬರುತ್ತಾರೆ. ಬೆಟ್ಟದ ಬುಡದಲ್ಲಿರುವ ನಮ್ಮ ಮಕ್ಕಳಿಗೆ ಮಾತ್ರ ಓಡಲು ಜಾಗವಿಲ್ಲ. ಇದನ್ನು ಯಾರಿಗೆ ಹೇಳುವುದು? ನೀವೂ ಇಂಥ ಶಾಲೆಯಲ್ಲಿ ಓದಿದವರಾದರೆ ನಿಮಗೆ ಹೇಳಬೇಕಾಗಿಯೂ ಇಲ್ಲ.

ಶಾಲೆಯ ಹಿಂದಿನ ತಂತಿಬೇಲಿಯ ಆಚೆ, ಸೈಟಿನ ಕಲ್ಲುಗಳು ಸಾಲಾಗಿ ನಿಂತಿರುವ ಜಾಗ ನಮ್ಮ ಕಣವಾಗಿತ್ತು. ಅದರ ಪಕ್ಕದ ನಾಡಹೆಂಚಿನ ಮನೆ ನಮ್ಮದು. ಈಗ ಆ ಮನೆಯಿಲ್ಲ, ಚಿಕ್ಕಪ್ಪನ ಮಗ ಅಲ್ಲಿ ಕಾರ್ಖಾನೆ ಕೆಲಸದವರಿಗೆ ಬಾಡಿಗೆ ರೂಮು ಕಟ್ಟಿಸಿದ್ದಾನೆ. ಮನೆಯ ನಡುವಿನ ಕಂಬಕ್ಕೆ ಒರಗಿ ತಾತ ಕೂರುತ್ತಿದ್ದ. ಒಲೆಯ ಮುಂದಿನಿಂದ ಅಜ್ಜಿಯ ಗೊಣಗು, ಹೊಗೆಯ ಜೊತೆ, ಇಡೀ ಮನೆಗೆ ಹರಡುತ್ತಿತ್ತು. ಹಟ್ಟಿಯಲ್ಲಿ ದನ ಕೊರಳು ಅಲ್ಲಾಡಿಸಿದರೆ ಮಲಗಿದ ಕಡೆಯೇ ಗಂಟೆ ಕೇಳುತ್ತಿತ್ತು. ತಾತನ ಕೊನೇ ಮಗಳು ರತ್ನ, ನನಗೆ ಸೋದರತ್ತೆ. ಅತ್ತೆ ಎಂದರೆ ದೊಡ್ಡ ಹೆಂಗಸೇನಲ್ಲ, ನಾನು ನಾಲ್ಕನೇ ಕ್ಲಾಸು, ಅವಳು ಏಳನೇ ಕ್ಲಾಸು. ಬಾವಿಯಿಂದ ಬಿಂದಿಗೆ ಹೊತ್ತು ತರುವಾಗಲೂ ಓಡಿಯೇ ಬರುತ್ತಿದ್ದಳು. ಅರ್ಧ ನೀರು ಅವಳ ಲಂಗದ ಮೇಲೆ, ಅರ್ಧ ಹಂಡೆಗೆ.

ಆಗಲೂ ಶಾಲೆಗೆ ಬಯಲು ಇರಲಿಲ್ಲ. ಒಂದು ಹೊಂಗೆ ಮರ, ಅದರ ಸುತ್ತ ನಾಲ್ಕು ಹೆಜ್ಜೆ ನೆಲ. ಪಿ.ಟಿ.ಗೆ ಖಲೀಲ್ ಮೇಷ್ಟ್ರು ದೊಡ್ಡಬಳ್ಳಾಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಬೇರೆ ಊರಿನ ಶಾಲೆಗಳೂ ಅವರ ಪಾಲಿಗೆ ಇದ್ದುದರಿಂದ ವಾರದಲ್ಲಿ ಕೆಲವು ದಿನ ಮಾತ್ರ ನಮ್ಮವರು. ಒಂದು ದಿನ ಸೈಕಲ್ಲನ್ನು ನಮ್ಮ ಜಗಲಿಗೆ ಒರಗಿಸಿ, "ಗೌಡ್ರೇ, ನಿಮ್ದು ಕಣ ವರ್ಷದಲ್ಲಿ ಮುಕ್ಕಾಲು ಭಾಗ ಸುಮ್ನೆ ಬಿದ್ದಿರ್ತದೆ. ಮಕ್ಳಿಗೆ ಓಡೋಕೆ ಕೊಡಿ" ಅಂದರು. ತಾತ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ ಯೋಚಿಸಿದ. "ಕೊಡಾನ ಬಿಡಿ ಮೇಷ್ಟ್ರೇ. ಆದ್ರೆ ಸುಗ್ಗಿ ಹೊತ್ಗೆ ಕಣ ನೀವೇ ಮಾಡ್ಕೊಡ್ಬೇಕು."

ಕಣ ಮಾಡುವುದೆಂದರೆ ಸುಲಭವಲ್ಲ. ಹುಲ್ಲು ಕೆತ್ತಿ, ನೀರು ಹೊಯ್ದು, ದನಗಳನ್ನು ಸುತ್ತಿಸಿ ಸುತ್ತಿಸಿ ತುಳಿಸಿ, ನೆಲ ಬಂಡೆಯಂತಾದ ಮೇಲೆ ಸಗಣಿಯ ಬಗ್ಗಡ ಸಾರಿಸಬೇಕು. ಆಗಲೇ ಒಕ್ಕಿದ ರಾಗಿಗೆ ಮಣ್ಣು ಸೇರುವುದಿಲ್ಲ. ಬೇರೆಯವರ ಕಣದಲ್ಲಿ ದನ ಸುತ್ತಿದವು, ನಮ್ಮ ಕಣದಲ್ಲಿ ಶಾಲೆಯ ಮಕ್ಕಳು ಸುತ್ತಿದವು. ಸುಗ್ಗಿ ಹತ್ತಿರ ಬಂದಂತೆ ತಾತ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಿಂದ ನೆಲ ಒತ್ತಿ ನೋಡುತ್ತಿದ್ದ. ಬೆರಳು ಇಳಿದರೆ, "ರತ್ನಿ, ಇನ್ನೊಂದು ಬಿಂದಿಗೆ ಹುಯ್ಯಮ್ಮಿ. ಇನ್ನೊಂದ್ ಸುತ್ತು ಓಡ್ರಲಾ" ಎನ್ನುತ್ತಿದ್ದ. ಖಲೀಲ್ ಮೇಷ್ಟ್ರು ಸೀಟಿ ಊದುತ್ತಿದ್ದರು. ತಣ್ಣನೆ ಕೆಸರು ಬೆರಳ ಸಂದಿಯಲ್ಲಿ ಉಕ್ಕಿ ಬರುತ್ತಿತ್ತು, ಜಾರಿ ಬಿದ್ದವರ ಮೇಲೆ ಬಿದ್ದು ನಗುತ್ತಿದ್ದೆವು. ಒಕ್ಕುವಾಗ ದನ ಕಟ್ಟುವ ಮೇಟಿಗೂಟ ಕಣದ ನಡುವೆ ಇರಬೇಕಾದದ್ದು. ಆಟಕ್ಕೆಂದು ತಾತ ಅದನ್ನು ಕಿತ್ತು ಅಂಚಿಗೆ ನೆಟ್ಟಿದ್ದ, ಅದೇ ಖೋಖೋದ ಒಂದು ಕಂಬ. ಗೆರೆ ಹಾಕಲು ಸುಣ್ಣಕ್ಕೆ ದುಡ್ಡಿಲ್ಲ, ಅಜ್ಜಿಯ ಒಲೆಯ ಬೂದಿ ಇತ್ತು. "ಪಾತ್ರೆ ಉಜ್ಜಕ್ಕೆ ಬೂದಿ ಬಿಡಲ್ವಲ್ಲ ನೀವು" ಎಂದು ಗೊಣಗುತ್ತಲೇ ಅವಳು ಮೊರದಲ್ಲಿ ತಂದು ಕೊಡುತ್ತಿದ್ದಳು. ಸಂಜೆ ಅದೇ ಮೊರದಲ್ಲಿ ಬೇಯಿಸಿದ ಕಡಲೆಕಾಯಿ ಬರುತ್ತಿತ್ತು. ಉಪ್ಪು ನೀರು ಮೊಣಕೈವರೆಗೂ ಇಳಿಯುತ್ತಿತ್ತು, ಅದನ್ನೂ ನೆಕ್ಕುತ್ತಿದ್ದೆವು.

ರತ್ನತ್ತೆ ಓಡುವುದನ್ನು ನೀವು ನೋಡಬೇಕಿತ್ತು. ಅಟ್ಟಿಸಿಕೊಂಡು ಬಂದವಳ ಕೈ ಇನ್ನೇನು ಬೆನ್ನಿಗೆ ತಾಗಬೇಕು, ಅಷ್ಟರಲ್ಲಿ ಮೇಟಿಗೂಟ ಹಿಡಿದು ಗಿರ್ರನೆ ತಿರುಗಿ ಆಚೆ ಸಾಲಿನಲ್ಲಿ ಇರುತ್ತಿದ್ದಳು. ಖಲೀಲ್ ಮೇಷ್ಟ್ರು ಸೀಟಿಯನ್ನು ಬಾಯಲ್ಲೇ ಮರೆತು ನಿಂತುಬಿಡುತ್ತಿದ್ದರು. ಅಜ್ಜಿಗೆ ಮಾತ್ರ ಅವಳ ಮದುವೆಯ ಚಿಂತೆ. ನಮ್ಮೂರಲ್ಲಿ ಇದ್ದದ್ದು ಏಳನೆಯವರೆಗೆ. ಆಮೇಲೆ ಹೆಣ್ಣುಮಕ್ಕಳನ್ನು ಬಸ್ಸು ಹತ್ತಿಸುತ್ತಿರಲಿಲ್ಲ. ನೆಲಮಂಗಲದ ಕಡೆಯಿಂದ ಒಂದು ಸಂಬಂಧದ ಮಾತು ಆಗಲೇ ಬಂದಿತ್ತು. ರತ್ನತ್ತೆಗೂ ಅದು ಗೊತ್ತಿತ್ತು. ಅವಳಿಗೆ ಉಳಿದಿದ್ದದ್ದು ಆ ವರ್ಷದ ತಾಲ್ಲೂಕು ಕ್ರೀಡಾಕೂಟ ಒಂದೇ. ಅದೋ, ಯಾವ ಕಾರಣಕ್ಕೋ ಮುಂದಕ್ಕೆ ಹೋಗುತ್ತ ಹೋಗುತ್ತ ಸುಗ್ಗಿಗೆ ಬಂದು ನಿಂತಿತು.

ರಾಗಿ ಕೊಯ್ದು ಹೊರೆಗಳನ್ನು ಹೊಲದಿಂದ ಸಾಗಿಸಿ ಆಗಿತ್ತು. ನಾಳೆ ನಾಡಿದ್ದರಲ್ಲಿ ಒಕ್ಕುವುದು ತಾನೆ ಎಂದು ಸರಿಯಾಗಿ ಮೆದೆ ಹಾಕದೆ ಕಣದ ಮಗ್ಗುಲಲ್ಲೇ ಗುಡ್ಡೆ ಒಟ್ಟಿದ್ದರು. ಅಷ್ಟರಲ್ಲಿ ಖಲೀಲ್ ಮೇಷ್ಟ್ರು ಬಂದು, ಕ್ರೀಡಾಕೂಟ ಮುಂದಿನ ವಾರ ಎಂದರು. ಒಕ್ಕಣೆ ಶುರುವಾದರೆ ಕಣ ಹುಡುಗಿಯರಿಗೆ ಸಿಗುವುದಿಲ್ಲ. ಅವರು ಬಾಯಿ ಬಿಟ್ಟು ಕೇಳಲಿಲ್ಲ, ಸೈಕಲ್ಲಿನ ಬೆಲ್ಲನ್ನು ಒರೆಸುತ್ತ ನಿಂತಿದ್ದರು. ರತ್ನತ್ತೆ ಬಾಗಿಲ ಸಂದಿಯಲ್ಲಿ ನಿಂತಿದ್ದಳು, ಅವಳ ದಾವಣಿಯ ತುದಿ ನನ್ನ ಕೈಯಲ್ಲಿತ್ತು. "ಎಲ್ಲಾರ ಮನೇಲೂ ಒಕ್ಕಾಯ್ತು. ನಮ್ದೊಂದು ಬಯಲಲ್ಲಿ ಬಿದ್ದದೆ, ಮೋಡ ಬೇರೆ ಆಗ್ತದೆ" ಎಂದು ಅಜ್ಜಿ ಒಳಗಿನಿಂದಲೇ ಅಂದಳು. ತಾತ ಆಕಾಶ ನೋಡಿದ. "ಒಂದ್ ವಾರ ತಾನೆ. ಆಡ್ಕೊಳ್ಲಿ" ಅಂದ.

ಆ ವಾರವೆಲ್ಲ ಹುಡುಗಿಯರು ಹೊತ್ತು ಮುಳುಗುವವರೆಗೂ ಓಡಿದರು. ದೊಡ್ಡಬಳ್ಳಾಪುರದಲ್ಲಿ ಮೊದಲ ಆಟ ಗೆದ್ದರು, ಎರಡನೆಯದು ಸೋತರು. ಸೋತ ಆಟದಲ್ಲೂ ಕೊನೆಯವರೆಗೆ ಸಿಕ್ಕದೆ ಉಳಿದವಳು ನಮ್ಮ ರತ್ನತ್ತೆ. ಗೆರೆಯ ಆಚೆ ನಿಂತಿದ್ದ, ನಮ್ಮೂರು ಎಲ್ಲಿದೆಯೆಂದೇ ತಿಳಿಯದ ಜನ ಅವಳಿಗೆ ಚಪ್ಪಾಳೆ ತಟ್ಟಿದರು. ನಾನು ತಾತನ ಹೆಗಲ ಮೇಲಿದ್ದೆ. ತಾತ ತಟ್ಟಲಿಲ್ಲ, ಎರಡೂ ಕೈಯಲ್ಲಿ ನನ್ನ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿಯರೆಲ್ಲ ಹಾಡಿದರು. ಊರು ಹತ್ತಿರವಾದಾಗ ಕಿಟಕಿಯ ಮೇಲೆ ಮೊದಲ ಹನಿ ಬಿತ್ತು.

ಹಿಡಿದ ಮಳೆ ದಿನಗಟ್ಟಲೆ ಬಿಡಲಿಲ್ಲ. ಮನೆಯಲ್ಲಿದ್ದ ಟಾರ್ಪಾಲು, ಕಂಬಳಿ, ಗೋಣಿ ಎಲ್ಲ ತಂದು ಗುಡ್ಡೆಯ ಮೇಲೆ ಹೊದಿಸಿದರು. ಮೇಲಿನ ನೀರೇನೋ ತಡೆಯಿತು. ಆದರೆ ಆ ಸಲ ಕಣ ಎಂದೂ ಇಲ್ಲದಷ್ಟು ಗಟ್ಟಿಯಾಗಿತ್ತು, ಅಷ್ಟು ಕಾಲು ತುಳಿದಿದ್ದವು. ಒಂದು ಹನಿಯೂ ಇಂಗಲಿಲ್ಲ. ಬಿದ್ದ ನೀರೆಲ್ಲ ತಟ್ಟೆಯಲ್ಲಿ ನಿಂತಂತೆ ನಿಂತು ಗುಡ್ಡೆಯ ಬುಡಕ್ಕೆ ನುಗ್ಗಿತು. ಮಳೆ ನಿಂತ ಮೇಲೆ ಹೊರೆ ಎತ್ತಿದರೆ ಬಿಸಿ ಹಬೆ ಎದ್ದಿತು, ತೆನೆಯಲ್ಲಿ ಬೆಳ್ಳಗೆ ಮೊಳಕೆ, ಜೊತೆಗೆ ಆ ವಾಸನೆ. ರತ್ನತ್ತೆ ಕ್ರೀಡಾಕೂಟದಲ್ಲಿ ಕೊಟ್ಟ ರಿಬ್ಬನ್ನನ್ನು ಇನ್ನೂ ಜಡೆಯಿಂದ ಬಿಚ್ಚಿರಲಿಲ್ಲ. "ನನ್ನಿಂದ ಆಯ್ತಲ್ಲಪ್ಪ" ಎಂದು ಅತ್ತಳು. ತಾತ ಹೊರೆಯನ್ನು ಬಿಸಿಲಿಗೆ ಹರವುತ್ತ, ಅವಳ ಕಡೆ ತಿರುಗದೆಯೇ, "ರಾಗಿ ಮುಂದಿನ್ ವರ್ಷಾನೂ ಬೆಳೀತೀನಿ ಕಣಮ್ಮಿ. ನಿಂಗೆ ಏಳನೇ ಕ್ಲಾಸು ಇನ್ನೊಂದ್ ಸಲ ಬತ್ತದಾ?" ಅಂದ.

ಮೊಳೆತದ್ದು ದನಕ್ಕೆ ಹೋಯಿತು, ಮಿಕ್ಕದ್ದನ್ನು ತೊಳೆದು ಒಣಗಿಸಿ ಬೀಸಿಸಿದರು. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಅಜ್ಜಿ ಒಂದೊಂದು ತಟ್ಟೆಗೂ ಮುದ್ದೆ ಹಾಕುವಾಗ, "ತಗೊಳ್ಳಿ, ಖೋಖೋ ಮುದ್ದೆ" ಎನ್ನುತ್ತಿದ್ದಳು. ಮೊದಮೊದಲು ಸಿಟ್ಟಿನಲ್ಲಿ ಅಂದಳು, ಬರಬರುತ್ತ ನಗುತ್ತ ಅಂದಳು. ತಾತ ಅವರೆಕಾಳಿನ ಸಾರಿನಲ್ಲಿ ಅದ್ದಿ ಸದ್ದಿಲ್ಲದೆ ನುಂಗುತ್ತಿದ್ದ. ಮುಂದಿನ ಸುಗ್ಗಿಗೆ ರಾಗಿ ಒಳ್ಳೆಯದೇ ಬಂತು, ಆದರೆ ರತ್ನತ್ತೆ ಅಷ್ಟು ಹೊತ್ತಿಗೆ ಶಾಲೆ ಮುಗಿಸಿ ಮನೆಯಲ್ಲಿ ಕೂತಿದ್ದಳು. ಕೆಲವು ವರ್ಷಕ್ಕೆ ಮದುವೆಯಾಗಿ ನೆಲಮಂಗಲದ ಕಡೆ ಹೋದಳು. ಖಲೀಲ್ ಮೇಷ್ಟ್ರಿಗೆ ವರ್ಗವಾಯಿತು. ಕೊನೆಗಾಲದಲ್ಲಿ ಅವರು ಪೇಟೆಯ ರಸ್ತೆಯಲ್ಲಿ ಕೋಲೂರಿಕೊಂಡು ಹೋಗುತ್ತಿದ್ದುದನ್ನು ಬಸ್ಸಿನಿಂದ ಕಂಡಿದ್ದೆ, ಇಳಿಯುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು. ತಾತ ಹೋದ, ಅವನ ಹಿಂದೆಯೇ ಅಜ್ಜಿ. ರಾಗಿ ಒಕ್ಕಲು ಮಿಷನ್ನು ಬಂತು. ಕಣಕ್ಕೆ ಕೆಲಸ ತಪ್ಪಿ ಸೈಟಾಯಿತು.

ಮುಗ್ಗಿದ ಚೀಲ ಕಂಡ ದಿನ ಮಧ್ಯಾಹ್ನ, ಆಟದ ಪಿರಿಯಡ್ಡಿನಲ್ಲಿ ನಾನು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾಗ ರತ್ನತ್ತೆಯ ಫೋನು ಬಂತು. ಮಂಡಿ ನೋವಂತೆ, ಸಕ್ಕರೆ ಕಾಯಿಲೆಯಂತೆ, ದಿನಾ ನಡೀಬೇಕು ಅಂತ ಡಾಕ್ಟರು ಹೇಳಿದ್ದಾರಂತೆ. ನಾನು ರಾಗಿಯ ವಾಸನೆಯ ವಿಷಯ ಹೇಳಿದೆ.

"ಇನ್ನೂ ನಾಲ್ಗೆ ಮೇಲದೆ ಕಣೇ ಆ ಮುದ್ದೆ" ಅಂದಳು. "ನಿನ್ ಮಕ್ಳನ್ನ ಆಟಕ್ಕೆ ಬಿಡ್ತೀಯಾ?"

"ಎಲ್ಲಿ ಬಿಡ್ಲಿ ಅತ್ತೆ. ಜಾಗಾನೇ ಇಲ್ಲ."

"ಜಾಗ ಆವಾಗೆಲ್ಲಿತ್ತು? ಅಪ್ಪ ಬಿಟ್ಕೊಟ್ಟಿದ್ದು."

ಬಯ್ಯುವ ದನಿಯಲ್ಲ ಅದು, ತಾತನ ನೆನಪು ಬಂದು ಆಡಿದ ಮಾತು ಅಷ್ಟೆ. ಆದರೂ ನನಗೆ ನಾಟಿತು. ಫೋನಿಟ್ಟು ಕೂತೆ. ಬಿಟ್ಟುಕೊಡಲು ನನ್ನ ಹತ್ತಿರ ಕಣವಿಲ್ಲ, ಹೊಲವಿಲ್ಲ, ಆ ಮನೆಯ ಒಂದು ಹೆಂಚೂ ಇಲ್ಲ. ಇರುವುದು ಈ ಪಿರಿಯಡ್ಡು. ಅದನ್ನು ವಾರವಾರವೂ ಕಂಪ್ಯೂಟರಿಗೆ ಕೊಡುತ್ತ ಬಂದಿದ್ದೇನೆ. ಲ್ಯಾಪ್‌ಟಾಪ್ ಮುಚ್ಚಿದೆ. ನಾಳೆ ಯಾಕೆ ಏರಿಸಿಲ್ಲ ಎಂದು ಕೇಳುತ್ತಾರೆ, ಕೇಳಲಿ. "ಏಳ್ರಪ್ಪಾ, ಆಚೆ ನಡೀರಿ" ಅಂದಾಗ ಮಕ್ಕಳು ಮೊದಲು ನಂಬಲಿಲ್ಲ.

ಶಾಲೆಯ ಗೋಡೆಗೂ ತಂತಿಬೇಲಿಗೂ ನಡುವೆ ಒಂದು ಓಣಿಯಷ್ಟು ನೆಲವಿದೆ. ಮಕ್ಕಳೇ ಕಲ್ಲು ಆರಿಸಿ ಎಸೆದವು, ಲಕ್ಷ್ಮಮ್ಮ ಕೊಡದಲ್ಲಿ ನೀರು ತಂದು ಧೂಳಿನ ಮೇಲೆ ಚಿಮುಕಿಸಿದಳು. ಓಡಿದವು, ಒಂದಕ್ಕೊಂದು ಡಿಕ್ಕಿ ಹೊಡೆದವು, ಗೋಡೆಗೆ ಕೈ ತರಚಿಕೊಂಡವು, ಮತ್ತೆ ಓಡಿದವು. ಬೇಲಿಯ ಆಚೆ ಕಣದ ಮೇಲೆ ಪಾರ್ಥೇನಿಯಂ ಬಿಳಿ ಹೂ ಬಿಟ್ಟು ಅಲ್ಲಾಡುತ್ತಿತ್ತು. ನಾನು ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಿಂದ ನೆಲ ಒತ್ತಿ ನೋಡಿದೆ. ಬೆರಳು ಪೂರ್ತಿ ಇಳಿಯಿತು. ತಾತ ಇದ್ದಿದ್ದರೆ, ಇನ್ನೊಂದು ಬಿಂದಿಗೆ ಹುಯ್ಯಮ್ಮಿ ಎನ್ನುತ್ತಿದ್ದ.